ಪೈಪ್ ತಂಬಾಕಿನ ರುಚಿ ಹಿಡಿಯುವುದು ಹೇಗೆ? ಮೊದಲು ಮೂಗು, ಆಮೇಲೆ ಬೆಂಕಿ

“ಡಬ್ಬಿಯ ಮೇಲೆ ಅಂಜೂರ, ಚರ್ಮ, ಒಣಹುಲ್ಲು, ಕೋಕೋ ಅಂತ ಏನೇನೋ ಬರೆದಿರುತ್ತೆ. ನನಗೆ ಬರೀ ಹೊಗೆ ಸಿಗುತ್ತೆ, ನಾಲಿಗೆ ಉರಿಯುತ್ತೆ. ಎಲ್ಲಿ ತಪ್ಪುತ್ತಿದೆ?” ಪೈಪ್ ಬಗ್ಗೆ ಒಂದು ಸಲ ಬರೆದ ತಪ್ಪಿಗೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಉತ್ತರ ಚಿಕ್ಕದು. ತಂಬಾಕು ಒದ್ದೆಯಾಗಿರುತ್ತದೆ. ನೀವು ಜೋರಾಗಿ ಎಳೆಯುತ್ತಿರುತ್ತೀರಿ. ಮೂರನೆಯದು, ಇನ್ಯಾರದೋ ಊರಿನ ಅಡುಗೆಮನೆಯ ಪದಗಳನ್ನು ನಿಮ್ಮ ಮೂಗಿನಲ್ಲಿ ಹುಡುಕುತ್ತಿರುತ್ತೀರಿ. ಅಂಜೂರವನ್ನು ವರ್ಷಕ್ಕೊಮ್ಮೆ ತಿನ್ನುವವರಿಗೆ ಹೊಗೆಯಲ್ಲಿ ಅಂಜೂರ ಹೇಗೆ ಸಿಗಬೇಕು? ಅದೇ ಹೊಗೆಯಲ್ಲಿ ಹುಣಸೆ ತೊಕ್ಕು ಇದೆಯಾ ಅಂತ ಕೇಳಿಕೊಳ್ಳಿ, ತಟ್ಟನೆ ಸಿಗುತ್ತದೆ.

ಶುರು ಮಾಡುವ ಮುನ್ನ

ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಹಾಗಾಗಿ ತೊಂದರೆ ಇಲ್ಲ ಅನ್ನುವ ಮಾತು ಸುಳ್ಳು. ಹೊಗೆ ಬಾಯಲ್ಲೇ ಉಳಿದರೂ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ, ಚಟ ಹಿಡಿಸುತ್ತದೆ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್ ಪೈಪ್ ಸೇದುವವರನ್ನೂ ಬಿಡುವುದಿಲ್ಲ. ಇಷ್ಟು ಸೇದಿದರೆ ಏನೂ ಆಗದು ಅನ್ನುವ ಅಳತೆ ಇಲ್ಲ. ಇದು ಈಗಾಗಲೇ ಪೈಪ್ ಸೇದುವವರಿಗಾಗಿ ಬರೆದದ್ದು. ಸೇದದವರು ಕುತೂಹಲಕ್ಕೆ ಓದುತ್ತಿದ್ದರೆ 1 ಮತ್ತು 3ನೇ ಹಂತ ಸಾಕು. ಎಲೆಯ ಕತೆ ತಿಳಿಯುವುದಕ್ಕೆ, ಮೂಸಿ ನೋಡುವುದಕ್ಕೆ ಬೆಂಕಿ ಬೇಕಿಲ್ಲ. ಸುಮ್ನೆ ಹೇಳುತ್ತಿಲ್ಲ, ಅರ್ಧಕ್ಕಿಂತ ಜಾಸ್ತಿ ಮಜಾ ಅಲ್ಲೇ ಇದೆ.

ಕಾನೂನಿನ ಮಾತೂ ಒಂದಿಷ್ಟು. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. ಮನೆಯಲ್ಲೂ ಮಕ್ಕಳು, ಬಸುರಿಯರು, ದಮ್ಮಿನ ಕಾಯಿಲೆಯವರು ಇದ್ದರೆ ಒಳಗೆ ಹಚ್ಚಬೇಡಿ. ಡಬ್ಬಿ ಕೊಳ್ಳುವಾಗ ಆರೋಗ್ಯದ ಎಚ್ಚರಿಕೆಯ ಚಿತ್ರ ಇದೆಯಾ ನೋಡಿ. ಅದಿಲ್ಲದ ವಿದೇಶಿ ಡಬ್ಬಿ ಸರಿಯಾದ ದಾರಿಯಲ್ಲಿ ಬಂದದ್ದಲ್ಲ, ಒಳಗಿರುವ ಸರಕು ಅಸಲಿ ಅಂತಲೂ ಹೇಳಲಾಗದು.

ಹಂತ 1: ಎಲೆಗಳ ಪರಿಚಯ

ಈ ಹಂತವನ್ನು ಹಾರಿಸಬೇಡಿ. ಹಳೆಯ ಪ್ರಸಿದ್ಧ ಮಿಶ್ರಣಗಳೆಲ್ಲ ಐದಾರು ಬಗೆಯ ಎಲೆಗಳ ಆಟ. ಸಾರಿನಲ್ಲಿ ಧನಿಯಾ ಯಾವುದು, ಜೀರಿಗೆ ಯಾವುದು ಅಂತ ಗೊತ್ತಿದ್ದವರಿಗೆ ಸಾರಿನ ಪುಡಿ ಅರ್ಥವಾಗುತ್ತದೆ. ಇಲ್ಲೂ ಅಷ್ಟೇ.

ವರ್ಜೀನಿಯಾ. ಇದು ನಮಗೆ ದೂರದ ಎಲೆ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವ ಹೊಗೆಸೊಪ್ಪು ಇದೇ ಜಾತಿ. ಅದು ಹೆಚ್ಚಾಗಿ ಸಿಗರೇಟಿಗೆ ಮತ್ತು ರಫ್ತಿಗೆ ಹೋಗುತ್ತದೆ, ಅದು ಬೇರೆ ಮಾತು. ಆ ದಾರಿಯಲ್ಲಿ ಹೋದವರು ಬ್ಯಾರನ್‌ಗಳನ್ನು ನೋಡಿರುತ್ತೀರಿ. ಕಿಟಕಿ ಇಲ್ಲದ ಎತ್ತರದ ಕೋಣೆ, ಹೊರಗೆ ಸೌದೆಯ ಒಲೆ. ಬಿಸಿ ಮಾತ್ರ ಕೊಳವೆಯಲ್ಲಿ ಒಳಗೆ ಹರಿಯುತ್ತದೆ, ಹೊಗೆ ಎಲೆಗೆ ತಾಗುವುದಿಲ್ಲ. ಕೆಲವು ದಿನ ನಿಧಾನವಾಗಿ ಬಿಸಿ ಏರಿಸುತ್ತಾ ಎಲೆಯನ್ನು ಹದ ಮಾಡುತ್ತಾರೆ. ಮೊದಲ ದಿನಗಳಲ್ಲಿ ಎಲೆಯೊಳಗಿನ ಪಿಷ್ಟ ಸಕ್ಕರೆಯಾಗಿ ಎಲೆ ಹಳದಿಗೆ ತಿರುಗುತ್ತದೆ. ಆಮೇಲಿನ ಜೋರು ಬಿಸಿ ಆ ಸಕ್ಕರೆಯನ್ನು ಹಾಗೇ ಹಿಡಿದಿಡುತ್ತದೆ. ವರ್ಜೀನಿಯಾದ ಸಿಹಿ ಬರುವುದು ಇಲ್ಲಿಂದ, ಮೇಲಿನಿಂದ ಸುರಿದದ್ದಲ್ಲ. ತಿಳಿ ಹಳದಿ ಎಲೆಯಲ್ಲಿ ಹುಲ್ಲಿನ ಬಣವೆ, ನಿಂಬೆ ಸಿಪ್ಪೆ. ಕೆಂಪು, ಕಂದು ಎಲೆಯಲ್ಲಿ ಆಲೆಮನೆಯ ಕೊಪ್ಪರಿಗೆಯ ಪಕ್ಕ ನಿಂತಾಗಿನ ವಾಸನೆ, ಆಗಷ್ಟೇ ತೆಗೆದ ಬನ್ನು. ಸಕ್ಕರೆ ಜಾಸ್ತಿ ಇರುವುದರಿಂದ ಬೇಗ ಕಾವು ಏರಿ ನಾಲಿಗೆ ಸುಡುವ ಎಲೆಯೂ ಇದೇ.

ಬರ್ಲಿ. ಇದನ್ನು ಬೆಂಕಿ ಇಲ್ಲದೆ, ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ನೇತುಹಾಕಿ ಒಣಗಿಸುತ್ತಾರೆ. ಆ ಹೊತ್ತಿಗೆ ಎಲೆಯ ಸಕ್ಕರೆ ಬಹುಪಾಲು ಖಾಲಿಯಾಗಿರುತ್ತದೆ. ನಿಕೋಟಿನ್ ಜಾಸ್ತಿ. ಹುರಿದ ಕಡಲೆಬೀಜದ ಸಿಪ್ಪೆ, ಸಿಹಿ ಹಾಕದ ಕೋಕೋ ಪುಡಿ. ಎಲೆಯ ಮೈ ಸ್ಪಂಜಿನ ಹಾಗೆ, ಏನು ಸುರಿದರೂ ಕುಡಿಯುತ್ತದೆ. ಅದಕ್ಕೇ ಸುವಾಸನೆ ಬೆರೆಸಿದ ಅಮೆರಿಕದ ತಂಬಾಕುಗಳಲ್ಲಿ ಇದರದ್ದೇ ರಾಜ್ಯ.

ಓರಿಯೆಂಟಲ್. ಗ್ರೀಸ್, ಟರ್ಕಿ, ಬಲ್ಗೇರಿಯಾ ಕಡೆಯ ಪುಟ್ಟ ಎಲೆಗಳು. ಬಡ ನೆಲದಲ್ಲಿ ಬೆಳೆಸಿ ಬಿಸಿಲಲ್ಲಿ ಒಣಗಿಸುತ್ತಾರೆ. ಇಜ್ಮೀರ್, ಸಂಸೂನ್, ಬಸ್ಮಾ ಅನ್ನುವ ಹೆಸರು ಕಂಡರೆ ಇವೇ ಅಂತ ತಿಳಿಯಿರಿ. ಸಾಂಬ್ರಾಣಿ, ಒಣಗಿದ ತುಳಸಿ, ಸ್ವಲ್ಪ ಮಜ್ಜಿಗೆಯ ಹುಳಿ.

ಲಟಾಕಿಯಾ. ಹೆಸರು ಸಿರಿಯಾದ ಬಂದರು ಊರಿನದು. ಈಗ ಡಬ್ಬಿಗಳಲ್ಲಿ ಸಿಗುವುದು ಹೆಚ್ಚಾಗಿ ಸೈಪ್ರಸ್ ಬಗೆಯದು. ಓರಿಯೆಂಟಲ್ ಜಾತಿಯ ಎಲೆಯನ್ನೇ ಮೊದಲು ಬಿಸಿಲಿಗೆ ಒಣಗಿಸಿ, ಆಮೇಲೆ ಘಮದ ಕಟ್ಟಿಗೆ, ಪೊದೆಗಳ ಹೊಗೆಯಲ್ಲಿ ಕಪ್ಪಾಗುವವರೆಗೆ ತೂಗುಹಾಕುತ್ತಾರೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಚ್ಚಲೊಲೆಯ ಮೇಲಿನ ಅಟ್ಟ, ಮಳೆಗಾಲ ಪೂರ್ತಿ ಹೊಗೆ ಕುಡಿದ ತೊಲೆ, ಅದೇ ವಾಸನೆ. ಪಾಶ್ಚಾತ್ಯರು ಇದನ್ನು ಕ್ಯಾಂಪಿನ ಬೆಂಕಿ ಅನ್ನುತ್ತಾರೆ. ನಾನು ಅಟ್ಟ ಅಂತಲೇ ಬರೆದುಕೊಳ್ಳುವುದು.

ಇಲ್ಲೊಂದು ಎಚ್ಚರಿಕೆ. ಲಟಾಕಿಯಾ ಕಪ್ಪಗಿರುತ್ತದೆ, ವಾಸನೆ ಜೋರು, ಆದರೆ ನಿಕೋಟಿನ್ ಅಷ್ಟೇನೂ ಇಲ್ಲ. ಬಣ್ಣ ನೋಡಿ ಹೆದರುವವರು, ಬಿಳಿಚಿದ ಬರ್ಲಿ ನೋಡಿ ಧೈರ್ಯ ಮಾಡುವವರು, ಇಬ್ಬರೂ ಮೋಸಹೋಗುತ್ತಾರೆ.

ಪೆರೀಕ್. ಅಮೆರಿಕದ ಲೂಸಿಯಾನಾದಲ್ಲಿ ಸೇಂಟ್ ಜೇಮ್ಸ್ ಪ್ಯಾರಿಷ್ ಅನ್ನುವ ಒಂದು ಸಣ್ಣ ಪ್ರದೇಶದ ವಿಶೇಷ. ಎಲೆಯನ್ನು ವಿಸ್ಕಿಯ ಓಕ್ ಪೀಪಾಯಿಗಳಲ್ಲಿ ತುಂಬಿ ಜ್ಯಾಕ್ ಹಾಕಿ ಒತ್ತುತ್ತಾರೆ. ತನ್ನದೇ ರಸದಲ್ಲಿ ಅದು ವರ್ಷದ ಹತ್ತಿರ ಹುಳಿಯುತ್ತದೆ. ನಡುವೆ ಹೊರತೆಗೆದು ಗಾಳಿ ತಾಗಿಸಿ ಮತ್ತೆ ಒತ್ತುತ್ತಾರೆ. ನಮ್ಮ ಉಪ್ಪಿನಕಾಯಿ ಭರಣಿಯ ಅಣ್ಣ ಅಂದುಕೊಳ್ಳಿ. ಹುಣಸೆ ತೊಕ್ಕು, ಮಾಗಿ ಕಪ್ಪಾದ ಬಾಳೆಹಣ್ಣು, ಕೊನೆಯಲ್ಲಿ ಕಾಳುಮೆಣಸಿನ ಚುರುಕು. ಇದನ್ನು ಒಗ್ಗರಣೆಯ ಹಾಗೆ ಸ್ವಲ್ಪವೇ ಹಾಕುತ್ತಾರೆ.

ಕ್ಯಾವೆಂಡಿಷ್ ಬಗ್ಗೆ ಗೊಂದಲ ಬೇಡ. ಅದು ಎಲೆಯ ಜಾತಿಯಲ್ಲ, ಒಂದು ವಿಧಾನ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒತ್ತಿ, ಮೆತ್ತಗೆ ಮಾಡುವುದು. ಜೊತೆಗೆ ಎರಡು ಪದ ಬರುತ್ತವೆ. ಕೇಸಿಂಗ್ ಅಂದರೆ ಮೊದಲೇ ಎಲೆಗೆ ಕುಡಿಸುವ ಸಕ್ಕರೆ ನೀರು, ಕೋಕೋ ಇತ್ಯಾದಿ. ಟಾಪಿಂಗ್ ಅಂದರೆ ಕೊನೆಯಲ್ಲಿ ಚಿಮುಕಿಸುವ ಸುವಾಸನೆ. ಡಬ್ಬಿ ತೆರೆದ ಕೂಡಲೇ ವೆನಿಲಾ ಐಸ್‌ಕ್ರೀಮ್ ವಾಸನೆ ಬಂದರೆ ಅದು ಟಾಪಿಂಗ್. ಹಚ್ಚಿದ ಮೇಲೆ ಅದು ನಿಮಗಿಂತ ಪಕ್ಕದವರಿಗೆ ಜಾಸ್ತಿ ಸಿಗುತ್ತದೆ!

ಹಂತ 2: ಸಾಮಾನು

ದುಬಾರಿ ಪೈಪ್ ಬೇಡ. ರುಚಿ ನೋಡುವುದಕ್ಕೆ ಜೋಳದ ದಿಂಡಿನ ಪೈಪ್ ಒಳ್ಳೆಯದು. ಮೆಕ್ಕೆಜೋಳದ ದಿಂಡನ್ನು ಕೊರೆದು ಮಾಡಿದ್ದು. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಇದನ್ನೇ ಮಾಡುತ್ತಿರುವ ಕಂಪನಿ ಇದೆ. ಬೆಲೆ ಕಡಿಮೆ, ಹೊಸದನ್ನು ಪಳಗಿಸುವ ತಾಪತ್ರಯವೂ ಕಡಿಮೆ. ಬ್ರೈಯರ್, ಅಂದರೆ ಮೆಡಿಟರೇನಿಯನ್ ಕಡೆಯ ಒಂದು ಪೊದೆಯ ಬೇರುಗಂಟಿನಿಂದ ಮಾಡಿದ ಮರದ ಪೈಪ್ ಇದ್ದರೆ ಅದೂ ಆಗುತ್ತದೆ.

ಆದರೆ ಒಂದೇ ಪೈಪಿನಲ್ಲಿ ಎಲ್ಲವನ್ನೂ ಸೇದಬೇಡಿ. ಲಟಾಕಿಯಾ ಅಥವಾ ಘಾಟು ಸುವಾಸನೆಯ ತಂಬಾಕು ಮರಕ್ಕೆ ಹಿಡಿದುಬಿಡುತ್ತದೆ. ಆಮೇಲೆ ಅದರಲ್ಲಿ ಸೇದಿದ ವರ್ಜೀನಿಯಾದಲ್ಲೂ ಹಳೇ ನೆಂಟನ ವಾಸನೆ. ಕಡಿಮೆ ಅಂದರೆ ಎರಡು ಇಟ್ಟುಕೊಳ್ಳಿ, ಒಂದು ಲಟಾಕಿಯಾಕ್ಕೆ, ಇನ್ನೊಂದು ಉಳಿದವಕ್ಕೆ.

ಇನ್ನು ಟ್ಯಾಂಪರ್, ಅಂದರೆ ಉರಿಯುವ ತಂಬಾಕನ್ನು ಮೇಲಿನಿಂದ ಮೆಲ್ಲಗೆ ಅಮುಕುವ ಚಪ್ಪಟೆ ತುದಿಯ ಕಡ್ಡಿ. ಪೈಪ್ ಕ್ಲೀನರ್, ಅಂದರೆ ನೂಲು ಸುತ್ತಿದ ತಂತಿ. ಬೆಂಕಿಕಡ್ಡಿ, ನೀರು, ಒಂದು ನೋಟ್‌ಪುಸ್ತಕ. ಬಾಯಿ ತೊಳೆಯುವುದಕ್ಕೆ ನೀರಿನ ಜೊತೆ ಖಾರ ಹಾಕದ ಮಂಡಕ್ಕಿ ಇಟ್ಟುಕೊಂಡರೆ ತುಂಬಾ ಅನುಕೂಲ. ಬಿಸ್ಕತ್ತು ಬೇಡ, ಅದರ ಸಿಹಿ ನಾಲಿಗೆಯಲ್ಲಿ ಕೂತುಬಿಡುತ್ತದೆ.

ಹಂತ 3: ಮೂಸುವುದು, ಮೂರು ಸಲ

ಡಬ್ಬಿ ತೆರೆದ ತಕ್ಷಣ ಒಮ್ಮೆ ಮೂಸಿ. ಆಗ ಬರುವುದು ಮುಚ್ಚಿಟ್ಟ ಗಾಳಿಯ ವಾಸನೆ. ಹುಳಿ ಜಾಸ್ತಿ ಇರುತ್ತದೆ, ಕೆಲವೊಮ್ಮೆ ವಿನೆಗರ್ ಹಾಗೆ. ಗಾಬರಿಯಾಗಬೇಡಿ, ಕೆಟ್ಟಿಲ್ಲ. ಹತ್ತು ನಿಮಿಷ ಬಿಟ್ಟು ಎರಡನೇ ಸಲ ಮೂಸಿ. ಈಗ ಹುಳಿ ಇಳಿದು ಎಲೆ ಮಾತಾಡುತ್ತದೆ. ಮೂರನೇ ಸಲ, ಒಂದು ಚಿಟಿಕೆಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಮೂಸಿ. ಕರಿಬೇವನ್ನು ಮೂಸುವ ಮುನ್ನ ಹಿಚುಕುತ್ತೇವಲ್ಲ, ಹಾಗೆ.

ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಈ ವಾಸನೆಯನ್ನು ಮೊದಲು ಎಲ್ಲಿ ಮೂಸಿದ್ದೆ? ವಸ್ತುವಿನ ಹೆಸರು ಹೊಳೆಯದಿದ್ದರೆ ಜಾಗದ ಹೆಸರಾದರೂ ಬರೆಯಿರಿ. ಗ್ರಂಥಿಗೆ ಅಂಗಡಿ, ಕಟ್ಟಿಗೆ ಡಿಪೋ, ಅಜ್ಜನ ಟ್ರಂಕು, ಬೇಕರಿಯ ಹಿಂಬಾಗಿಲು. ನನ್ನ ಪುಸ್ತಕದ ಮೊದಲ ಪುಟಗಳಲ್ಲಿ ಬರೀ “ಚರ್ಮ, ಅಂಜೂರ, ಚರ್ಮ” ಅಂತ ಇದೆ. ಎಲ್ಲವೂ ಡಬ್ಬಿ ನೋಡಿ ನಕಲು ಹೊಡೆದದ್ದು. ಯಾವ ತಂಬಾಕು ಹೇಗಿತ್ತು ಅಂತ ಅದರಿಂದ ಇವತ್ತು ಒಂದಕ್ಷರವೂ ತಿಳಿಯುವುದಿಲ್ಲ. ಡಬ್ಬಿಯ ವಿವರಣೆಯನ್ನು ಕೊನೆಯಲ್ಲಿ ಓದಿ, ಮೊದಲಲ್ಲ.

ಹಂತ 4: ಒಣಗಿಸುವುದು

ಹತ್ತು ದೂರುಗಳಲ್ಲಿ ಏಳೆಂಟು ಇಲ್ಲೇ ಮುಗಿಯುತ್ತವೆ. ಡಬ್ಬಿಯಿಂದ ನೇರ ತೆಗೆದ ತಂಬಾಕು ಸಾಮಾನ್ಯವಾಗಿ ಸೇದುವ ಹದಕ್ಕಿಂತ ಒದ್ದೆ. ಒದ್ದೆ ತಂಬಾಕು ಉರಿದರೆ ಹಬೆ ಬರುತ್ತದೆ. ನಾಲಿಗೆ ಸುಡುವುದರಲ್ಲಿ ಆ ಹಬೆಯ ಪಾಲು ದೊಡ್ಡದು.

ಫ್ಲೇಕ್ ಅಂದರೆ ಒತ್ತಿ ಹಾಳೆಯ ಹಾಗೆ ಕತ್ತರಿಸಿದ ತಂಬಾಕು. ಅದನ್ನು ಮೊದಲು ಬೆರಳಲ್ಲಿ ಬಿಡಿಸಿ. ಕಾಯಿನ್ ಅಂದರೆ ಸುರುಳಿ ಸುತ್ತಿ ಕತ್ತರಿಸಿದ ಬಿಲ್ಲೆಗಳು, ಅವೂ ಹಾಗೇ. ರಿಬ್ಬನ್ ಅಂದರೆ ಶಾವಿಗೆಯಂತೆ ಹೆಚ್ಚಿದ್ದು, ಅದನ್ನು ಉದುರಿಸಿದರೆ ಸಾಕು. ಒಂದು ಪೈಪಿಗಾಗುವಷ್ಟನ್ನು ಮಾತ್ರ ಬಿಳಿ ಕಾಗದದ ಮೇಲೆ ಹರಡಿ ನೆರಳಲ್ಲಿ ಬಿಡಿ. ಬೇಸಿಗೆಯ ಬೆಂಗಳೂರಿನಲ್ಲಿ 15–20 ನಿಮಿಷ ಸಾಕಾಗಬಹುದು. ಕಲಬುರಗಿಯ ಏಪ್ರಿಲ್‌ನಲ್ಲಿ ಐದೇ ನಿಮಿಷಕ್ಕೆ ಮುಟ್ಟಿ ನೋಡಿ. ಮಂಗಳೂರಿನ ಆಟಿ ತಿಂಗಳಲ್ಲಿ ಒಂದು ಗಂಟೆ ಬಿಟ್ಟರೂ ಹದ ಬರುವುದಿಲ್ಲ. ಆಗ ಮೇಜಿನ ದೀಪದ ಕೆಳಗೆ ಇಡಿ.

ಹದ ನೋಡುವುದು ಹೀಗೆ: ಒಂದು ಚಿಟಿಕೆಯನ್ನು ಬೆರಳಲ್ಲಿ ಒತ್ತಿ ಬಿಡಿ. ಉಂಡೆಯಾಗಿ ಹಾಗೇ ಕೂತರೆ ಇನ್ನೂ ಒದ್ದೆ. ಕರಕರ ಪುಡಿಯಾದರೆ ಅತಿಯಾಯಿತು. ಒತ್ತಿದಾಗ ಕೂಡಿಕೊಂಡು, ಬಿಟ್ಟಾಗ ಮೆಲ್ಲಗೆ ಬಿಚ್ಚಿಕೊಂಡರೆ ಸರಿ. ಬಿಸಿಲಿಗೆ, ಓವನ್ನಿಗೆ ಇಡಬೇಡಿ. ಘಮವೂ ಆರಿಹೋಗುತ್ತದೆ. ತೀರಾ ಒಣಗಿದ್ದು ಬೇಗ ಉರಿದು ಕಹಿಯಾಗುತ್ತದೆ.

ಹಂತ 5: ತುಂಬುವುದು

ಹಳಬರು ಹೇಳುವ ಲೆಕ್ಕ ಇಂದಿಗೂ ಸರಿ. ಮೂರು ಸಲ ತುಂಬಿ. ಮೊದಲ ಸಲ ಮಗುವಿನ ಕೈಯಲ್ಲಿ, ಎರಡನೇ ಸಲ ಹೆಂಗಸಿನ ಕೈಯಲ್ಲಿ, ಮೂರನೇ ಸಲ ಗಂಡಸಿನ ಕೈಯಲ್ಲಿ ಅಮುಕಿದಂತೆ. (ಕಳೆ ಕೀಳುವ, ಬಿಂದಿಗೆ ಹೊರುವ ನಮ್ಮ ಹೆಂಗಸರ ಕೈ ನೋಡದವರು ಕಟ್ಟಿದ ಮಾತಿದು.) ತಳದಲ್ಲಿ ಸಡಿಲ, ಮೇಲೆ ಬಿಗಿ ಇರಬೇಕು, ಅಷ್ಟೇ.

ಹಚ್ಚುವ ಮುನ್ನ ಗಾಳಿ ಎಳೆದು ನೋಡಿ. ಎಳನೀರಿನ ಸ್ಟ್ರಾದಲ್ಲಿ ಎಳೆದಷ್ಟು ಸಣ್ಣ ತಡೆ ಇರಬೇಕು. ಸ್ಟ್ರಾಗೆ ಗಂಜಿ ಸಿಕ್ಕಿಕೊಂಡ ಹಾಗೆ ಬಿಗಿದಿದ್ದರೆ ಪೂರ್ತಿ ಸುರಿದು ಮತ್ತೆ ತುಂಬಿ. ಮೇಲಿನಿಂದ ಕೆದಕಿ ಸರಿಮಾಡಲು ಹೋಗಬೇಡಿ, ಆಗುವುದಿಲ್ಲ.

ಹಂತ 6: ಎರಡು ಸಲ ಹಚ್ಚುವುದು

ಗಂಧಕದ ವಾಸನೆ ಹೋಗುವವರೆಗೆ ಕಡ್ಡಿಯನ್ನು ಒಂದೆರಡು ಕ್ಷಣ ಹಿಡಿದಿರಿ. ಮೇಲ್ಮೈ ಮೇಲೆಲ್ಲ ಸುತ್ತಿಸುತ್ತಾ ಮೆಲ್ಲಗೆ ಎಳೆಯಿರಿ. ತಂಬಾಕು ಉಬ್ಬಿ ಮೇಲೇಳುತ್ತದೆ. ಇದನ್ನು ಸುಳ್ಳು ಬೆಂಕಿ ಅನ್ನುತ್ತಾರೆ. ಆರಲು ಬಿಡಿ, ಟ್ಯಾಂಪರ್‌ನಿಂದ ಸಮ ಮಾಡಿ, ಮತ್ತೊಮ್ಮೆ ಹಚ್ಚಿ. ನಡುವೆ ಮೂರ್ನಾಲ್ಕು ಸಲ ಆರಿದರೂ ನಾಚಿಕೆಪಡಬೇಕಾಗಿಲ್ಲ. ಆರಬಾರದು ಅಂತ ಜೋರಾಗಿ ಎಳೆಯುವುದೇ ತಪ್ಪು.

ಹಂತ 7: ಗುಟುಕು ಮತ್ತು ಮೂಗು

ಸಿಗರೇಟಿನಿಂದ ಬಂದವರು ಎಡವುವುದು ಇಲ್ಲಿ. ಬಿಸಿ ಕಾಫಿಯ ಮೊದಲ ಗುಟುಕನ್ನು ತುಟಿಯ ತುದಿಯಲ್ಲೇ ಅಳೆಯುತ್ತೀರಲ್ಲ, ಪೈಪಿನ ಗುಟುಕು ಅಷ್ಟೇ ಇರಬೇಕು. ಅರ್ಧ ನಿಮಿಷಕ್ಕೊಂದು ಸಾಕು. ಎದೆಗೆ ಎಳೆಯಬೇಡಿ. ಮೋಡದಂತೆ ಹೊಗೆ ಬರುತ್ತಿದ್ದರೆ ನೀವು ರುಚಿ ನೋಡುತ್ತಿಲ್ಲ, ಸೊಳ್ಳೆ ಓಡಿಸುತ್ತಿದ್ದೀರಿ.

ಪೈಪಿನ ಬಟ್ಟಲನ್ನು ಕೆನ್ನೆಗೆ ತಾಗಿಸಿ. ಬೆಚ್ಚಗಿದ್ದರೆ ಮುಂದುವರಿಸಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಐದು ನಿಮಿಷ ಕೆಳಗಿಡಿ.

ಈಗ ಮುಖ್ಯ ವಿಷಯ. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿಯಂಥ ನಾಲ್ಕಾರು ರುಚಿ ಬಿಟ್ಟು ಜಾಸ್ತಿ ಗೊತ್ತಿಲ್ಲ. ಆಲೆಮನೆ, ಅಟ್ಟ, ಕಡಲೆಬೀಜ ಎಲ್ಲ ಮೂಗಿನ ಕೆಲಸ. ನೆಗಡಿಯಾದಾಗ ಸಾರು ಸಪ್ಪೆ ಅನ್ನಿಸುವುದು ಅದಕ್ಕೇ. ಆದ್ದರಿಂದ ಹೊಗೆಯ ಒಂದು ಪಾಲನ್ನು ಬಾಯಿಯಿಂದ ಹಿಂದಕ್ಕೆ, ಮೂಗಿನಿಂದ ಹೊರಗೆ ಬಿಡಬೇಕು. ಮಾಡುವುದು ಹೀಗೆ. ಮೊದಲೇ ಉಸಿರು ತೆಗೆದುಕೊಂಡಿರಿ. ಆಮೇಲೆ ಸಣ್ಣ ಗುಟುಕು ಹೊಗೆಯನ್ನು ಬಾಯಿಗೆ ಎಳೆದುಕೊಳ್ಳಿ. ಮುಕ್ಕಾಲು ಪಾಲನ್ನು ಬಾಯಿಂದಲೇ ಹೊರಗೆ ಬಿಡಿ. ಬಾಯಿ ಮುಚ್ಚಿ, ಒಳಗೆ ಮೊದಲೇ ಇದ್ದ ಉಸಿರನ್ನು ಮೂಗಿನಿಂದ ಮೆಲ್ಲಗೆ ಬಿಡಿ. ಉಳಿದ ಹೊಗೆ ಅದರ ಜೊತೆ ಹೋಗುತ್ತದೆ. ಈ ನಡುವೆ ಎಲ್ಲೂ ಉಸಿರು ಒಳಗೆ ಎಳೆಯಬಾರದು. ಮೊದಲ ದಿನ ಕಣ್ಣಲ್ಲಿ ನೀರು ಬರಬಹುದು. ಮೂಗಿನಿಂದ ಬಿಡುವ ಈ ಅಭ್ಯಾಸವನ್ನು ಮಾತ್ರ ವರ್ಜೀನಿಯಾದಲ್ಲಿ ಶುರು ಮಾಡಬೇಡಿ, ಅದರ ಹೊಗೆ ಮೂಗಿಗೆ ಚೂಪು. ಲಟಾಕಿಯಾ ಮೃದು. ಪೆರೀಕ್ ಮಾತ್ರ ಕೊನೆಗೆ, ಅದು ಮೆಣಸಿನ ಪುಡಿ ಏರಿದ ಹಾಗೆ ಹೊಡೆಯುತ್ತದೆ.

ಇದ್ದಕ್ಕಿದ್ದಂತೆ ಬಿಕ್ಕಳಿಕೆ, ತಣ್ಣನೆ ಬೆವರು, ಹೊಟ್ಟೆ ತೊಳಸುವುದು ಶುರುವಾದರೆ ಅದು ನಿಕೋಟಿನ್ ಹೊಡೆತ. ಪೈಪ್ ಇಟ್ಟುಬಿಡಿ. ಕೂತುಕೊಳ್ಳಿ, ನೀರು ಕುಡಿಯಿರಿ. ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳುವವರೂ ಇದ್ದಾರೆ. ಅವತ್ತಿಗೆ ಸಾಕು ಮಾಡಿ. ವಾಂತಿ ನಿಲ್ಲದಿದ್ದರೆ, ಎದೆ ಡವಗುಟ್ಟುತ್ತಿದ್ದರೆ ವೈದ್ಯರ ಹತ್ತಿರ ಹೋಗಿ. ಖಾಲಿ ಹೊಟ್ಟೆಯಲ್ಲಿ ಯಾವ ತಂಬಾಕನ್ನೂ ರುಚಿ ನೋಡಬೇಡಿ.

ಹಂತ 8: ಬಟ್ಟಲಿನ ಮೂರು ಭಾಗ

ಮೇಲಿನ ಮೂರನೇ ಒಂದು ಭಾಗದಲ್ಲಿ ಹಗುರ ವಾಸನೆಗಳು, ಟಾಪಿಂಗ್ ಇದ್ದರೆ ಅದು. ನಡುವಿನ ಭಾಗವೇ ನಿಜವಾದ ತಂಬಾಕು, ಅಂಕ ಕೊಡುವುದಿದ್ದರೆ ಇಲ್ಲಿ ಕೊಡಿ. ಕೆಳಗಿನ ಭಾಗದಲ್ಲಿ ಎಲ್ಲವೂ ಗಟ್ಟಿಯಾಗುತ್ತದೆ, ನೀರೂ ಸೇರುತ್ತದೆ. ಗುಳುಗುಳು ಸದ್ದು ಬಂದರೆ ಕ್ಲೀನರ್ ತೂರಿಸಿ ತೆಗೆಯಿರಿ. ತಳದಲ್ಲಿ ಉಳಿದ ಒದ್ದೆ ಚೂರನ್ನೂ ಸುಟ್ಟೇ ತೀರುತ್ತೇನೆ ಅನ್ನುವ ಹಟ ಬೇಡ. ಊಟದ ತಟ್ಟೆಯಲ್ಲ ಅದು, ಬಿಟ್ಟರೆ ಯಾರೂ ಬೈಯುವುದಿಲ್ಲ.

ಹಂತ 9: ಯಾವ ಡಬ್ಬಿ, ಯಾವ ಕ್ರಮದಲ್ಲಿ

ಒಂದು ದಿನಕ್ಕೆ ಒಂದೇ ತಂಬಾಕು. ನಾಲ್ಕೈದನ್ನು ಸಾಲಾಗಿಟ್ಟು ಸೇದುವ ಪರೀಕ್ಷೆಗಳು ಮೂರನೆಯದಕ್ಕೇ ಸತ್ತುಹೋಗುತ್ತವೆ, ನಾಲಿಗೆ ಜಡ್ಡುಗಟ್ಟಿರುತ್ತದೆ.

ನನ್ನ ಕ್ರಮ ಹೀಗೆ. ಮೊದಲು ಬರೀ ವರ್ಜೀನಿಯಾ. ಇಂಗ್ಲೆಂಡಿನ ಕೆಂಡಲ್ ಊರಿನ ಸ್ಯಾಮ್ಯುಯೆಲ್ ಗಾವಿತ್ ಅವರ ಫುಲ್ ವರ್ಜೀನಿಯಾ ಫ್ಲೇಕ್ ಇದಕ್ಕೆ ಒಳ್ಳೆಯ ಪಾಠ. 1792ರಿಂದ ನಡೆದುಬಂದ ಮನೆತನ ಅದು. ಕಪ್ಪು ಕಂದು ಹಾಳೆಗಳು, ತುಂಬಾ ಒದ್ದೆ. ನಾಲ್ಕನೇ ಹಂತವನ್ನು ಇಲ್ಲಿ ಎರಡು ಪಟ್ಟು ಮಾಡಿ. ಹದ ಸಿಕ್ಕರೆ ಬೆಲ್ಲದ ಪಾಕದ ರುಚಿ, ಸಿಗದಿದ್ದರೆ ಬರೀ ಬಿಸಿನೀರು.

ಆಮೇಲೆ ಬರ್ಲಿ. 1907ರಲ್ಲಿ ಅಮೆರಿಕದಲ್ಲಿ ಬಂದ ಪ್ರಿನ್ಸ್ ಆಲ್ಬರ್ಟ್ ಸರಳ, ಯಾವ ಸೋಗೂ ಇಲ್ಲ. ಕಡಲೆಬೀಜದ ವಾಸನೆ ಅಂದರೇನು ಅಂತ ಇದರಲ್ಲಿ ತಿಳಿಯುತ್ತದೆ.

ಮೂರನೆಯದು ವರ್ಜೀನಿಯಾಗೆ ಪೆರೀಕ್ ಬೆರೆಸಿದ್ದು. ಎಸ್ಕುಡೋ ಅನ್ನುವ ಬಿಲ್ಲೆಗಳು ಇದರ ಹಳೆಯ ಮಾದರಿ. ಮೊದಲು ಬರೀ ವರ್ಜೀನಿಯಾ ಸೇದಿದ್ದರೆ ಇಲ್ಲಿ ಹೆಚ್ಚುವರಿಯಾಗಿ ಬಂದ ಹುಳಿ, ಖಾರ ಯಾರದ್ದು ಅಂತ ಕೇಳಬೇಕಾಗಿಯೇ ಇಲ್ಲ. ಈ ಕ್ರಮದ ಲಾಭ ಅದೇ.

ಕೊನೆಗೆ ಲಟಾಕಿಯಾ ಮಿಶ್ರಣಗಳು. ಇವನ್ನು ಇಂಗ್ಲಿಷ್ ಮಿಶ್ರಣ ಅಂತ ಕರೆಯುತ್ತಾರೆ. ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಬೀದಿಯಲ್ಲಿ ತಂಬಾಕಿನ ಅಂಗಡಿ ತೆರೆದು, ಒಬ್ಬೊಬ್ಬ ಗಿರಾಕಿಯ ರುಚಿಗೆ ತಕ್ಕಂತೆ ಬೆರೆಸಿ, ಅದನ್ನು ನಂಬರಿನ ಸಮೇತ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಪ್ರಸಿದ್ಧವಾದ ಮೈ ಮಿಕ್ಸ್‌ಚರ್ 965ರಲ್ಲಿನ 965 ಅಂಥ ಒಂದು ನಂಬರು. ಡನ್‌ಹಿಲ್ ಮಿಶ್ರಣಗಳಲ್ಲಿ ಅರ್ಲಿ ಮಾರ್ನಿಂಗ್ ಪೈಪ್ ಅನ್ನುವುದು ಹಗುರ, 965 ನಡುವಿನದು, ನೈಟ್‌ಕ್ಯಾಪ್ ಗಟ್ಟಿ. ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಿದರೆ ಲಟಾಕಿಯಾ ಏರುವುದು, ಓರಿಯೆಂಟಲ್ ಹಿಂದೆ ಸರಿಯುವುದು ಚೆನ್ನಾಗಿ ಕಾಣುತ್ತದೆ. ಗಮನಿಸಿ, ಡನ್‌ಹಿಲ್ ಹೆಸರಿನ ಪೈಪ್ ತಂಬಾಕು 2018ರಲ್ಲಿ ನಿಂತಿತು. 2019ರಿಂದ ಅವೇ ಮಿಶ್ರಣಗಳು ಪೀಟರ್‌ಸನ್ ಹೆಸರಿನಲ್ಲಿ ಬರುತ್ತಿವೆ. “ಹಳೇ ಡನ್‌ಹಿಲ್ ಡಬ್ಬಿ” ಅಂತ ಯಾರಾದರೂ ಭಾರಿ ಬೆಲೆ ಹೇಳಿದರೆ ಹಿಂದೆಮುಂದೆ ನೋಡಿ.

ಕೆಂಡಲ್ ಕಡೆಯ ಇನ್ನೊಂದು ಬಗೆಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಎನ್ನರ್‌ಡೇಲ್ ಫ್ಲೇಕ್‌ನಂಥವಕ್ಕೆ ಹೂವಿನ, ಬಾದಾಮಿಯ ಘಮ ಹಚ್ಚುತ್ತಾರೆ. ಬೇರೆ ದೇಶದವರು ಇದನ್ನು ಸೋಪು ಅಂತ ಬೈಯುತ್ತಾರೆ. ಗಂಧದ ಸೋಪಿನಲ್ಲಿ ಮಿಂದು ಬೆಳೆದ ನನಗೆ ಅದು ಬೈಗುಳ ಅನ್ನಿಸಿಲ್ಲ. ಆದರೆ ಪೈಪ್ ಮಾತ್ರ ಬೇರೆಯೇ ಇಡಿ.

ಹಂತ 10: ಬರೆದಿಡುವುದು

ದಿನಾಂಕ, ಪೈಪ್, ಎಷ್ಟು ಹೊತ್ತು ಒಣಗಿಸಿದ್ದು, ಮೊದಲು ಏನು ತಿಂದಿದ್ದು, ಮೂರು ಭಾಗಕ್ಕೆ ಒಂದೊಂದು ಸಾಲು. ಇಷ್ಟೇ. ಏನು ತಿಂದಿದ್ದಿರಿ ಅನ್ನುವುದು ಮುಖ್ಯ. ಬಿಸಿಬೇಳೆಬಾತ್ ಉಂಡ ಮೇಲೆ ಯಾವ ತಂಬಾಕೂ ಇಂಗಿನ ಮುಂದೆ ನಿಲ್ಲುವುದಿಲ್ಲ. ಫಿಲ್ಟರ್ ಕಾಫಿ ಲಟಾಕಿಯಾಕ್ಕೆ ಒಳ್ಳೆ ಜೋಡಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ರುಚಿ ನೋಡುವ ದಿನ ಬೇಡ, ಚಿಕೋರಿಯ ಕಹಿ ಯಾವುದು, ಎಲೆಯ ಕಹಿ ಯಾವುದು ತಿಳಿಯದಾಗುತ್ತದೆ.

ಒಂದು ತಂಬಾಕಿನ ಬಗ್ಗೆ ತೀರ್ಪು ಕೊಡುವ ಮುನ್ನ ಬೇರೆ ಬೇರೆ ದಿನ ಮೂರು ಸಲವಾದರೂ ನೋಡಿ. ಮೊದಲ ಸಲ ನೀವು ಬೈದದ್ದು ತಂಬಾಕಿಗಲ್ಲ, ಅವತ್ತಿನ ತೇವಕ್ಕೆ ಇರಬಹುದು.

ಹಂತ 11: ಶುಚಿ ಮತ್ತು ಶೇಖರಣೆ

ಪೈಪ್ ಆರಿದ ಮೇಲೆ ಬೂದಿ ಸುರಿದು ಕ್ಲೀನರ್ ಹಾಯಿಸಿ. ಬಿಸಿ ಇರುವಾಗ ಬಾಯಿಗಿಡುವ ನಳಿಗೆ ಕೀಳಬೇಡಿ, ಬಿರುಕು ಬಿಡುತ್ತದೆ. ಅದೇ ಪೈಪಿಗೆ ಒಂದು ದಿನವಾದರೂ ಬಿಡುವು ಕೊಡಿ.

ತೆರೆದ ತಂಬಾಕನ್ನು ಬಿಗಿ ಮುಚ್ಚಳದ ಗಾಜಿನ ಭರಣಿಗೆ ಹಾಕಿ, ಕತ್ತಲಲ್ಲಿ, ತಂಪಾದ ಕಡೆ ಇಡಿ. ಫ್ರಿಜ್ ಬೇಡ. ಉಪ್ಪಿನಕಾಯಿ, ಮಸಾಲೆ ಇಟ್ಟಿದ್ದ ಭರಣಿ ಎಷ್ಟು ತೊಳೆದರೂ ಬೇಡ. ಮಕ್ಕಳು, ನಾಯಿ ಮುಟ್ಟದ ಕಡೆ ಇಡಿ, ತಿಂದರೆ ನಿಕೋಟಿನ್ ವಿಷ. ಒಣಗಿಹೋದರೆ ಸೇಬಿನ ಚೂರು ಹಾಕಿ ಅನ್ನುವ ಸಲಹೆ ಅಲ್ಲಲ್ಲಿ ಕೇಳುತ್ತೀರಿ. ಹಾಕಬೇಡಿ, ನಮ್ಮ ಹವೆಯಲ್ಲಿ ಬೂಷ್ಟು ಗ್ಯಾರಂಟಿ.

ವರ್ಜೀನಿಯಾ ವರ್ಷಗಟ್ಟಲೆ ಮುಚ್ಚಿಟ್ಟರೆ ಇನ್ನೂ ದುಂಡಗಾಗುತ್ತದೆ, ಚೂಪು ಕಳೆಯುತ್ತದೆ. ಲಟಾಕಿಯಾದ ಅಟ್ಟದ ವಾಸನೆ ಕಾಲಕ್ರಮದಲ್ಲಿ ಮಂಕಾಗುತ್ತದೆ. ಸುವಾಸನೆ ಚಿಮುಕಿಸಿದವನ್ನು ಕೂಡಿಟ್ಟು ಪ್ರಯೋಜನವಿಲ್ಲ.

ಹಳೆಯ ಫ್ಲೇಕ್ ಮೇಲೆ ಬಿಳಿ ಚುಕ್ಕೆ ಕಂಡಾಗ ಎಲ್ಲರೂ ಫೋಟೊ ಕಳಿಸುತ್ತೀರಿ. ಫೋಟೊದಲ್ಲಿ ಹೇಳುವುದು ಕಷ್ಟ, ನೀವೇ ಭೂತಗನ್ನಡಿ ಹಿಡಿದು ನೋಡಿ. ಕಲ್ಲುಸಕ್ಕರೆಯ ಪುಡಿಯಂತೆ ಮಿನುಗಿ, ವಾಸನೆ ಚೆನ್ನಾಗಿದ್ದರೆ ಅದು ಎಲೆಯಿಂದಲೇ ಹೊರಬಂದ ಹರಳು, ತೊಂದರೆ ಇಲ್ಲ. ಹತ್ತಿಯ ಎಳೆಯಂತೆ ಎದ್ದು ನಿಂತಿದ್ದು, ಮಳೆಗಾಲದ ಚಪ್ಪಲಿಯ ವಾಸನೆ ಬಂದರೆ ಬೂಷ್ಟು. ಆ ಭಾಗ ಕಿತ್ತು ಉಳಿದದ್ದನ್ನು ಉಳಿಸಲು ಹೋಗಬೇಡಿ. ಎಷ್ಟೇ ಬೆಲೆಯ ಡಬ್ಬಿಯಾಗಲಿ, ಪೂರ್ತಿ ಎಸೆಯಿರಿ, ಭರಣಿಯನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗಿಡಿ.